ಮರಗೆಣಸಿನ ಕಾಡು ನೆಂಟ: ಗೋವೆಯ ಕೆಂಪು ಕಲ್ಲಿನಲ್ಲಿ ಬೆಳೆಸುವ ಬಗೆ

ನಾನು ವಾಸ್ಕೋದಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡವನು. ಊರು ಇಳಕಲ್ ಕಡೆ. 1994ರಲ್ಲಿ ಅಣ್ಣನ ಜೊತೆ ಗೋವೆಗೆ ಬಂದೆ, ಇಲ್ಲೇ ಉಳಿದೆ. ಮನೆ ಝುವಾರಿನಗರದ ಗುಡ್ಡದ ಮೇಲೆ. ಮನೆಯ ಹಿಂದೆ ಒಂದು ಗುಂಟೆಯಷ್ಟು ಜಾಗ ಇದೆ. ಜಾಗ ಅಂದರೆ ಕೆಂಪು ಕಲ್ಲು. ಗುದ್ದಲಿ ಹಾಕಿದರೆ ಟಣ್ ಎನ್ನುತ್ತದೆ. ಅಲ್ಲಿ ಕರಿಬೇವು ಒಣಗಿತು, ದಾಸವಾಳ ಒಣಗಿತು, ಎರಡು ಸಲ ಹಾಕಿದ ನಿಂಬೆಯೂ ಒಣಗಿತು. ಒಣಗದೆ ನಿಂತಿದ್ದು ಒಂದೇ ಗಿಡ. ಅದರ ಬಗ್ಗೆ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಹಾಗಾಗಿ ನಾನು ಹನ್ನೊಂದು ವರ್ಷದಲ್ಲಿ ಕಲಿತದ್ದನ್ನು ಬರೆದಿಡುತ್ತಿದ್ದೇನೆ.

ಇದು ಮರಗೆಣಸಿನ ಹತ್ತಿರದ ನೆಂಟ. ಸಾಬೂದಾಣಿ ಮಾಡುತ್ತಾರಲ್ಲ, ಆ ಗೆಡ್ಡೆಯ ಕುಲವೇ. ಮರಗೆಣಸಿಗೆ ಮನಿಹಾಟ್ ಎಸ್ಕುಲೆಂಟಾ ಎಂದು ಹೆಸರಿದ್ದರೆ ಇದಕ್ಕೆ ಮನಿಹಾಟ್ ಗ್ಲಾಜಿಯೋವಿ ಎಂದು. ರಬ್ಬರ್ ತೋಟದ ಹಳಬರು ಸಿಯರಾ ರಬ್ಬರ್ ಅನ್ನುತ್ತಾರೆ. ಇದರ ತವರು ಬ್ರೆಜಿಲ್ ದೇಶದ ಈಶಾನ್ಯದ ಒಣನಾಡು. ಅಲ್ಲಿನವರು ಮನಿಸೋಬ ಎಂದು ಕರೆಯುತ್ತಾರೆ. ನಾನು ಸುಮ್ನೆ ಕಾಡು ಮರಗೆಣಸು ಅನ್ನುತ್ತೇನೆ.

ಮೊದಲಿಗೇ ಒಂದು ಮಾತು. ಇದರ ಗೆಡ್ಡೆ, ಎಲೆ, ಬೀಜ ಯಾವುದನ್ನೂ ತಿನ್ನಬಾರದು. ಮರಗೆಣಸಿನ ನೆಂಟ ಅಂದ ತಕ್ಷಣ ಬೇಯಿಸಿ ತಿನ್ನೋಣ ಅಂತ ಯಾರಿಗಾದರೂ ಅನಿಸುತ್ತದೆ. ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನ ಕೈಗೆ ಬಂದದ್ದು ಹೀಗೆ. ಫೋಂಡಾ ಕಡೆ ಒಬ್ಬ ಗಿರಾಕಿಯ ಮನೆಗೆ ಬಟ್ಟೆ ಕೊಡಲು ಹೋಗಿದ್ದೆ. ಅವರ ತೋಟದ ಬೇಲಿಯಲ್ಲಿ ಒಂದು ಗಿಡ ಇತ್ತು. ಕೊಂಬೆ ತಾಗಿ ನನ್ನ ಅಂಗಿಯ ತೋಳಿಗೆ ಬಿಳಿ ಹಾಲು ಹತ್ತಿತು. ಮನೆಗೆ ಬರುವಷ್ಟರಲ್ಲಿ ಕಂದು ಬಣ್ಣದ ಕಲೆ ಆಗಿತ್ತು, ಎಳೆದರೆ ರಬ್ಬರಿನ ಹಾಗೆ ಬರುತ್ತಿತ್ತು. ಮೂವತ್ತು ವರ್ಷ ಕಲೆಗಳ ಜೊತೆ ಬದುಕಿದವನು ನಾನು, ಇಂಥ ಕಲೆ ನೋಡಿರಲಿಲ್ಲ. ಮುಂದಿನ ವಾರ ಹೋದಾಗ ಕೇಳಿದೆ. ಆ ಮನೆಯ ಮೌಶಿ (ಹಿರಿಯ ಹೆಂಗಸು) ನಾಲ್ಕು ಬೀಜ ಕೈಗೆ ಹಾಕಿದರು. "ನೀರು ಕೇಳಲ್ಲ, ಗೊಬ್ಬರ ಕೇಳಲ್ಲ, ದನ ಮಾತ್ರ ಹತ್ತಿರ ಬಿಡಬೇಡ" ಅಂದರು. ಆ ಕೊನೆಯ ಮಾತನ್ನು ನಾನು ಆಗ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುರುತು ಹಿಡಿಯುವುದು

ಗಿಡ ತರುವ ಮೊದಲು ಗುರುತು ಗೊತ್ತಿರಬೇಕು. ಮರಗೆಣಸಿನ ಎಲೆಗೆ ಐದೋ ಏಳೋ ಸಪೂರ ಬೆರಳು ಇರುತ್ತವೆ. ಇದಕ್ಕೆ ಮೂರರಿಂದ ಐದು ಬೆರಳು, ಅವೂ ಅಗಲ. ಎಲೆಯ ಮೇಲುಭಾಗ ನೀಲಿ ಬೆರೆತ ಹಸಿರು, ಕೆಳಭಾಗ ಮಾಸಲು ಬಿಳಿ. ನಂಬಬಹುದಾದ ಗುರುತು ತೊಟ್ಟಿನದು. ಮರಗೆಣಸಿನಲ್ಲಿ ಎಲ್ಲ ಬೆರಳು ಕೂಡುವ ಅಂಚಿಗೇ ತೊಟ್ಟು ಸೇರುತ್ತದೆ. ಇದರಲ್ಲಿ ತೊಟ್ಟು ಅಂಚಿನಿಂದ ಸ್ವಲ್ಪ ಒಳಗೆ, ಎಲೆಯ ಅಡಿಗೆ ಸೇರುತ್ತದೆ. ಕೊಡೆಗೆ ಕೋಲು ಹಾಕಿದ ಹಾಗೆ. ಎಲೆ ತಿರುಗಿಸಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಕಾಂಡದ ತೊಗಟೆ ನಯವಾಗಿರುತ್ತದೆ, ತೆಳ್ಳಗೆ ಕಾಗದದ ಹಾಗೆ ಸುಲಿಯುತ್ತದೆ. ಹರಳುಗಿಡ ಅಂತ ಕೆಲವರು ತಪ್ಪು ತಿಳಿಯುತ್ತಾರೆ. ಹರಳಿನ ಎಲೆಯ ಅಂಚಿನಲ್ಲಿ ಗರಗಸದ ಹಲ್ಲು ಇರುತ್ತದೆ, ಮುರಿದರೆ ಹಾಲು ಬರುವುದಿಲ್ಲ. ಇದರ ಅಂಚು ನುಣುಪು, ಚಿವುಟಿದರೆ ಹಾಲು ಜಿನುಗುತ್ತದೆ. ಬೀಜ ಮಾತ್ರ ಹರಳಿನ ಬೀಜದ ಹಾಗೇ ಕಾಣುತ್ತದೆ. ಅದೂ ಒಂದೇ ದೊಡ್ಡ ಕುಟುಂಬ ತಾನೆ.

ಬಿಟ್ಟರೆ ಇದು ಮೂವತ್ತು ಅಡಿಯ ಮರ ಆಗುತ್ತದೆ. ವರ್ಷಕ್ಕೊಮ್ಮೆ ಕಡಿದರೆ ಆಳೆತ್ತರದ ಪೊದೆಯಾಗಿ ನಿಲ್ಲುತ್ತದೆ. ನನ್ನದು ಪೊದೆ.

ಬೀಜಕ್ಕೆ ಅರ ಹಾಕುವುದು

ಮೌಶಿ ಕೊಟ್ಟ ನಾಲ್ಕು ಬೀಜವನ್ನು ಮಣ್ಣಿಗೆ ಹಾಕಿದೆ. ಜೂನ್ ಹೋಯಿತು, ಜುಲೈ ಹೋಯಿತು. ಒಂದೂ ಬರಲಿಲ್ಲ. ದೀಪಾವಳಿ ಹೊತ್ತಿಗೆ ಅಗೆದು ನೋಡಿದರೆ ನಾಲ್ಕೂ ಹಾಗೇ ಇದ್ದವು, ಹಾಕಿದಾಗ ಹೇಗಿದ್ದವೋ ಹಾಗೇ! ಕೊಳೆತಿಲ್ಲ, ಮೊಳೆತಿಲ್ಲ. ಇದರ ಬೀಜದ ಚಿಪ್ಪು ಅಷ್ಟು ಗಟ್ಟಿ. ನೀರು ಒಳಗೆ ಇಳಿಯುವುದೇ ಇಲ್ಲ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಹಾಗೇ ಕೂರುತ್ತದೆ.

ಆಗ ಮಗಳು ಧಾರವಾಡದಲ್ಲಿ ಕೃಷಿ ಓದುತ್ತಿದ್ದಳು. ಫೋನಿನಲ್ಲಿ ಕೇಳಿದಾಗ, "ಅಪ್ಪಾ, ಚಿಪ್ಪು ತೆಳ್ಳಗೆ ಮಾಡಿ ಹಾಕು" ಅಂದಳು. ಇಸ್ತ್ರಿ ಪೆಟ್ಟಿಗೆಯ ಹಿಡಿ ಸರಿಮಾಡುವ ಅರ ಅಂಗಡಿಯಲ್ಲೇ ಇತ್ತು. ಅದರಲ್ಲೇ ಉಜ್ಜಿದೆ. ಈಗ ಪ್ರತಿ ವರ್ಷ ಹೀಗೆ ಮಾಡುತ್ತೇನೆ.

ಬೀಜದ ಒಂದು ತುದಿಯಲ್ಲಿ ಪುಟ್ಟ ಗಂಟು ಇರುತ್ತದೆ. ಮೊಳಕೆ ಹೊರಡುವುದು ಆ ಕಡೆಯಿಂದ. ಗಂಟಿಗೆ ಅರ ತಾಗಿಸಬೇಡಿ. ಅದರ ಎರಡೂ ಪಕ್ಕದ ಅಂಚನ್ನು ಮಾತ್ರ ಮೆಲ್ಲಗೆ ಉಜ್ಜಿ. ಚಿಪ್ಪಿನ ಬಣ್ಣ ಹೋಗಿ, ಒಳಗಿನ ಬಿಳಿ ಇನ್ನೇನು ಕಾಣಬೇಕು ಅನ್ನುವಾಗ ನಿಲ್ಲಿಸಿ. ಬಿಳಿ ಕಂಡರೆ ಜಾಸ್ತಿ ಆಯಿತು ಎಂದೇ ಲೆಕ್ಕ, ಆ ಬೀಜ ಕೊಳೆಯುತ್ತದೆ. ಅರ ಇಲ್ಲದಿದ್ದರೆ ಬಡಗಿಗಳ ಪಾಲಿಶ್ ಪೇಪರ್ ಸಾಕು, ಹೊತ್ತು ಹಿಡಿಯುತ್ತದೆ ಅಷ್ಟೇ. ಆಮೇಲೆ ಒಂದು ದಿನ ಪೂರ್ತಿ ನೀರಿನಲ್ಲಿ ನೆನೆಸಿ. ಉಬ್ಬಿದ ಬೀಜ ಬಿತ್ತಿ, ಉಬ್ಬದ ಬೀಜಕ್ಕೆ ಇನ್ನೊಮ್ಮೆ ಅರ.

ನಾನು ಬಿತ್ತುವುದು ಏಪ್ರಿಲ್ ಕೊನೆಯಲ್ಲಿ. ಹಾಲಿನ ಪ್ಯಾಕೆಟ್ಟಿಗೆ ಮೂರು ತೂತು ಹಾಕಿ, ಅರ್ಧ ಮರಳು, ಅರ್ಧ ಮಣ್ಣು ತುಂಬುತ್ತೇನೆ. ಬೀಜವನ್ನು ಅಡ್ಡ ಮಲಗಿಸಿ, ಮೇಲೆ ಒಂದು ಬೆರಳು ದಪ್ಪ ಮಣ್ಣು. ಪ್ಯಾಕೆಟ್ ಬಿಸಿಲಿನಲ್ಲೇ ಇರಲಿ. ಈ ಬೀಜಕ್ಕೆ ಬಿಸಿ ಬೇಕು. ಹದ ಇದ್ದರೆ ಎರಡರಿಂದ ನಾಲ್ಕು ವಾರದಲ್ಲಿ ತಲೆ ಎತ್ತುತ್ತವೆ. ಕಳೆದ ವರ್ಷ ಹತ್ತು ಹಾಕಿದ್ದೆ, ಏಳು ಬಂದವು.

ಕಡ್ಡಿ ನೆಡುವುದು ಸುಲಭ, ಆದರೆ

ಮರಗೆಣಸಿನ ಹಾಗೆ ಇದರ ಕಡ್ಡಿಯೂ ಚಿಗುರುತ್ತದೆ. ಹೆಬ್ಬೆರಳು ದಪ್ಪದ, ಬಲಿತು ಕಂದಾದ ಕೊಂಬೆ ಬೇಕು. ಒಂದು ಅಡಿ ಉದ್ದಕ್ಕೆ ಕತ್ತರಿಸಿ. ತುದಿಯಲ್ಲಿ ಹಾಲು ಸುರಿಯುತ್ತದೆ. ಕೂಡಲೇ ನೆಟ್ಟರೆ ಕೊಳೆಯುತ್ತದೆ. ನೆರಳಿನಲ್ಲಿ ನಾಲ್ಕೈದು ದಿನ ಒಣಗಲಿ. ಬುಡ ಯಾವುದು, ತುದಿ ಯಾವುದು ಅಂತ ಮರೆಯದ ಹಾಗೆ ನಾನು ಬುಡದ ಕಡೆ ಓರೆಯಾಗಿ ಕತ್ತರಿಸುತ್ತೇನೆ. ಅರ್ಧಕ್ಕಿಂತ ಜಾಸ್ತಿ ಮಣ್ಣಿನೊಳಗೆ ಹೋಗಬೇಕು.

ಆದರೂ ಗೋವೆಯವರಿಗೆ ನಾನು ಬೀಜದ ಗಿಡವನ್ನೇ ಹೇಳುತ್ತೇನೆ. ಕಾರಣ ಗಾಳಿ. ಈ ಮರದ ಕಟ್ಟಿಗೆ ಪೆಡಸು, ಬಾಗುವುದಿಲ್ಲ, ಮುರಿಯುತ್ತದೆ. ಬೀಜದ ಗಿಡ ಬೇರನ್ನು ನೇರ ಕೆಳಗೆ ಇಳಿಸುತ್ತದೆ, ಬಂಡೆಯ ಸಂದಿ ಹುಡುಕಿಕೊಂಡು ಹೋಗುತ್ತದೆ. ಕಡ್ಡಿಯ ಗಿಡದ ಬೇರು ಮೇಲೆ ಮೇಲೆ ಹರಡುತ್ತದೆ. ಜೂನ್ ತಿಂಗಳ ಮೊದಲ ಗಾಳಿಮಳೆಗೆ ನನ್ನ ಎರಡು ಕಡ್ಡಿಯ ಗಿಡ ಬುಡಸಮೇತ ಮಲಗಿದವು. ಬೀಜದ್ದು ಒಂದೂ ಬಿದ್ದಿಲ್ಲ.

ಜಾಗ ಮತ್ತು ನೀರು

ತವರಿನ ಮಳೆ ಎಷ್ಟು ಅಂತ ತಿಳಿದರೆ ಇದರ ಗುಣ ಅರ್ಥವಾಗುತ್ತದೆ. ಬ್ರೆಜಿಲ್ಲಿನ ಆ ಒಣನಾಡಿನಲ್ಲಿ ವರ್ಷಕ್ಕೆ 800 ಮಿಲಿಮೀಟರಿಗೂ ಕಡಿಮೆ ಮಳೆ. ನಮ್ಮ ಇಳಕಲ್ ಸೀಮೆಯ ಎರೆಹೊಲ ನೋಡಿದವರಿಗೆ ಅದು ಗೊತ್ತಾಗುತ್ತದೆ. ಗೋವೆಯಲ್ಲಿ ಸುಮಾರು 3000 ಮಿಲಿಮೀಟರ್ ಸುರಿಯುತ್ತದೆ, ಅದೂ ನಾಲ್ಕು ತಿಂಗಳಲ್ಲೇ ಬಹುಪಾಲು. ಹಾಗಾದರೆ ಇಲ್ಲಿ ಇದು ಬದುಕುವುದು ಹೇಗೆ? ನೀರು ನಿಲ್ಲದಿದ್ದರೆ ಬದುಕುತ್ತದೆ. ಮಳೆ ಎಷ್ಟಾದರೂ ಸುರಿಯಲಿ, ಬುಡದಿಂದ ಇಳಿದು ಹೋಗಬೇಕು.

ಅದಕ್ಕೆ ಗುಡ್ಡದ ಇಳಿಜಾರು ಒಳ್ಳೆಯದು. ನಾನು ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೆಗೆದೆ. ಒಳಗೆ ಒಂದು ಕೊಡ ನೀರು ಸುರಿದು ನೋಡಿ. ಅರ್ಧ ಗಂಟೆಯಲ್ಲಿ ಇಂಗಿದರೆ ಜಾಗ ಸರಿ. ಮರುದಿನವೂ ನಿಂತಿದ್ದರೆ ಅಲ್ಲಿ ನೆಡಬೇಡಿ. ಕಲ್ಲಿನಲ್ಲಿ ತೆಗೆದ ಗುಂಡಿ ಮಳೆಗಾಲದಲ್ಲಿ ಬಾವಿ ಆಗುತ್ತದೆ. ಅಂಥ ಕಡೆ ಗುಂಡಿಯ ಬದಲು ಮೊಣಕಾಲುದ್ದದ ಮಣ್ಣಿನ ದಿಬ್ಬ ಮಾಡಿ, ದಿಬ್ಬದ ಮೇಲೆ ನೆಡಿ.

ತೆಗೆದ ಕಲ್ಲುಪುಡಿಯನ್ನೇ ವಾಪಸ್ ತುಂಬಿ, ಎರಡು ಬುಟ್ಟಿ ಎಲೆಗೊಬ್ಬರ ಸೇರಿಸಿದರೆ ಸಾಕು. ಸಗಣಿ ಗೊಬ್ಬರ ಜಾಸ್ತಿ ಹಾಕಿದ ವರ್ಷ ಗಿಡ ಎತ್ತರಕ್ಕೆ ಓಡಿತು, ಮೆದುವಾಯಿತು, ಗಾಳಿಗೆ ಮುರಿಯಿತು. ಸಸಿಯನ್ನು ಜೂನ್ ಮೊದಲ ಎರಡು ಮಳೆ ಬಿದ್ದ ಮೇಲೆ ನೆಡಿ. ಬೇರಿನ ಮಣ್ಣು ಒಡೆಯಬಾರದು. ದಿನಪೂರ್ತಿ ಬಿಸಿಲು ಬೀಳುವ ಜಾಗ ಇರಲಿ. ಮೊದಲ ವರ್ಷ ಡಿಸೆಂಬರಿನಿಂದ ಎಲೆ ಉದುರುವ ತನಕ ವಾರಕ್ಕೆ ಒಂದು ಕೊಡ ನೀರು ಕೊಟ್ಟೆ. ಎರಡನೇ ವರ್ಷದಿಂದ ಒಂದು ಹನಿಯೂ ಕೊಟ್ಟಿಲ್ಲ.

ಎಲೆ ಉದುರಿದರೆ ಹೆದರಬೇಡಿ

ಮೊದಲ ಬೇಸಿಗೆಯಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರಿದಾಗ ನನಗೆ ಎದೆ ಧಸಕ್ಕೆಂದಿತು. ಇದೂ ಹೋಯಿತು ಅಂದುಕೊಂಡೆ. ನನ್ನ ಹೆಂಡತಿ ಉಗುರಿನಿಂದ ತೊಗಟೆ ಕೆರೆದು ತೋರಿಸಿದಳು. ಒಳಗೆ ಹಸಿರು ಇತ್ತು. ಒಣಗಾಲ ಬಂದರೆ ಇದು ಎಲೆ ಚೆಲ್ಲಿ ಸುಮ್ಮನೆ ನಿಲ್ಲುತ್ತದೆ. ತವರಿನಲ್ಲೂ ಹೀಗೇ. ಆಗ ನೀರು ಕೊಡುವುದು ತಪ್ಪು. ಎಲೆ ಇಲ್ಲದ ಗಿಡ ನೀರು ಕುಡಿಯುವುದಿಲ್ಲ, ಬೇರು ಕೊಳೆಯುತ್ತದೆ.

ಹಾಗಾಗಿ ಬೇಸಿಗೆಯ ನೆರಳಿಗೆ ಅಂತ ಇದನ್ನು ನೆಡಬೇಡಿ. ನೆರಳು ಬೇಕಾದಾಗಲೇ ಇದು ಬೋಳು. ಬೇಲಿಗೆ, ಬರಡು ನೆಲಕ್ಕೆ, ಜೇನಿಗೆ ಬೇಕಾದರೆ ನೆಡಿ. ಹೊಸ ಎಲೆಯ ಜೊತೆಗೆ ಹೂಗೊಂಚಲು ಬರುತ್ತದೆ. ಹೂವು ಚಿಕ್ಕದು, ತಿಳಿ ಹಳದಿ, ಅಂದ ಅಂತ ಏನಿಲ್ಲ. ಆದರೆ ಬೆಳಿಗ್ಗೆ ಗಿಡದ ಕೆಳಗೆ ನಿಂತರೆ ಜುಂಯ್ ಅನ್ನುವ ಸದ್ದು ಕೇಳುತ್ತದೆ. ಜೇನುಹುಳ ಅಷ್ಟು ಬರುತ್ತವೆ. ಒಂದೇ ಗೊಂಚಲಿನಲ್ಲಿ ಹೆಣ್ಣುಹೂವು ಬುಡದಲ್ಲಿ, ಗಂಡುಹೂವು ಮೇಲೆ. ಹೆಣ್ಣು ಮೊದಲು ಅರಳುತ್ತದೆ. ಕಾಂಕ್ರೀಟಿನ ಈ ಗುಡ್ಡದ ಮೇಲೆ ಆ ಸದ್ದು ಕೇಳುವುದೇ ನನಗೆ ದೊಡ್ಡದು.

ಕಡಿಯುವುದು ಎಲೆ ಉದುರಿದ ಮೇಲೆ, ಹೊಸ ಚಿಗುರಿಗೆ ಮೊದಲು. ಸೊಂಟದ ಎತ್ತರಕ್ಕೆ ಕಡಿಯಿರಿ. ಹಳೆ ಅಂಗಿ ಹಾಕಿಕೊಳ್ಳಿ. ಹಾಲು ಬಟ್ಟೆಗೆ ಬಿದ್ದರೆ ಕೂಡಲೇ ತಣ್ಣೀರಿನಲ್ಲಿ ಸೋಪು ಹಚ್ಚಿ ಉಜ್ಜಿ. ಒಣಗಿದ ಮೇಲೆ ಸೀಮೆಎಣ್ಣೆಯಲ್ಲಿ ನೆನೆಸಿ ಕೆರೆಯಬೇಕು. ಯಾವ ಕಾರಣಕ್ಕೂ ಅದರ ಮೇಲೆ ಇಸ್ತ್ರಿ ಆಡಿಸಬೇಡಿ. ಬಿಸಿ ತಾಗಿದರೆ ಕಲೆ ನೂಲಿನೊಳಗೆ ಕೂತುಬಿಡುತ್ತದೆ. ಕಣ್ಣಿಗೂ ಹಾಲು ಹಾರದ ಹಾಗೆ ನೋಡಿಕೊಳ್ಳಿ.

ವಿಷದ ಮಾತು

ಈಗ ಮೌಶಿಯ ಆ ಕೊನೆಯ ಮಾತಿಗೆ ಬರುತ್ತೇನೆ. ಮೂರನೇ ವರ್ಷ ಎಲೆ ಇನ್ನೂ ಇರುವಾಗಲೇ, ಜನವರಿಯಲ್ಲಿ ಗಿಡ ಕಡಿದೆ. ಕೊಂಬೆಗಳನ್ನು ಗೇಟಿನ ಹೊರಗೆ ರಾಶಿ ಹಾಕಿದೆ. ಸಂಜೆ ಒಂದು ಬಿಡಾಡಿ ಹಸು ಬಂದು ಬಾಡಿದ ಎಲೆ ತಿಂದಿತು. ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಡತೊಡಗಿತು, ಕಾಲು ನಡುಗಿ ಕುಸಿಯಿತು. ಓಣಿಯ ಹುಡುಗರು ದನದ ಡಾಕ್ಟರನ್ನು ಬೈಕಿನಲ್ಲಿ ಕರೆತಂದರು. ಅವರು ವಿಷ ಇಳಿಸುವ ಥಯೋಸಲ್ಫೇಟ್ ಇಂಜೆಕ್ಷನ್ ಕೊಟ್ಟರು. ಹಸು ಉಳಿಯಿತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅದು ಪೂರ್ತಿ ನನ್ನ ತಪ್ಪು.

ನಡೆದದ್ದೇನು ಅಂತ ಮಗಳು ಬಿಡಿಸಿ ಹೇಳಿದಳು. ಮರಗೆಣಸಿನಲ್ಲೂ ಅದರ ಕಾಡು ನೆಂಟರಲ್ಲೂ ಲಿನಮರಿನ್ ಎಂಬ ವಸ್ತು ಇರುತ್ತದೆ. ಅದನ್ನು ಒಡೆಯುವ ಇನ್ನೊಂದು ವಸ್ತುವೂ ಅದೇ ಎಲೆಯಲ್ಲಿ, ಆದರೆ ಬೇರೆ ಜಾಗದಲ್ಲಿ ಇರುತ್ತದೆ. ಎಲೆ ಹಸಿರಾಗಿ ಗಿಡದ ಮೇಲಿದ್ದಾಗ ಎರಡೂ ಸೇರುವುದಿಲ್ಲ. ಜಗಿದಾಗ, ಜಜ್ಜಿದಾಗ ಸೇರುತ್ತವೆ. ಸೇರಿದರೆ ಹೊರಡುವುದು ಸಯನೈಡ್. ನಾವು ತಿನ್ನುವ ಸಿಹಿ ಮರಗೆಣಸಿನ ಗೆಡ್ಡೆಯಲ್ಲೂ ಅದು ಇದೆ, ಆದರೆ ಕಡಿಮೆ. ಒಂದು ಕಿಲೋ ಹಸಿ ಗೆಡ್ಡೆಗೆ 50 ಮಿಲಿಗ್ರಾಂ ಒಳಗಿದ್ದರೆ ಸಿಹಿ ಜಾತಿ ಅನ್ನುತ್ತಾರೆ. ಅದನ್ನೂ ಸಿಪ್ಪೆ ತೆಗೆದು, ತುಂಬಾ ನೀರಿನಲ್ಲಿ ಬೇಯಿಸಿ, ನೀರು ಬಸಿದೇ ತಿನ್ನುವುದು. ಕಾಡಿನದ್ದನ್ನು ತಿನ್ನಲು ಯಾರೂ ಪಳಗಿಸಿಲ್ಲ.

ಹಾಗಾಗಿ ನಮ್ಮ ಮನೆಯ ಕಟ್ಟುಪಾಡು ಇಷ್ಟು. ಕಡಿದ ಕೊಂಬೆ ಗೇಟಿನ ಹೊರಗೆ ಹೋಗುವುದಿಲ್ಲ. ಒಳಗೇ ಒಣಗಿಸಿ, ಮಣ್ಣಿನಡಿ ಹೂಳುತ್ತೇವೆ. ದನ, ಆಡು ಬಾಯಿ ಹಾಕುವ ಕಡೆ ಗಿಡ ಇಲ್ಲ. ಓಣಿಯ ಮಕ್ಕಳಿಗೆ ಗಿಡ ತೋರಿಸಿ, ಇದು ಬಾಯಿಗೆ ಹಾಕುವಂಥದ್ದಲ್ಲ ಅಂತ ಹೇಳಿದ್ದೇನೆ. ಮಕ್ಕಳು ಅಕಸ್ಮಾತ್ ತಿಂದರೆ ವಾಂತಿ, ತಲೆಸುತ್ತು, ಉಸಿರು ಕಟ್ಟುವುದು ಬರುತ್ತದೆ. ಮನೆಮದ್ದು ಮಾಡುತ್ತ ಕೂರಬಾರದು. ತಿಂದದ್ದರ ಒಂದು ಎಲೆ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಓಡಬೇಕು.

ಕಾಯಿ ಸಿಡಿಯುವ ಮೊದಲು

ಇನ್ನೊಂದು ಜವಾಬ್ದಾರಿ ಇದೆ. ಕಾಯಿ ದುಂಡಗೆ, ಒಳಗೆ ಮೂರು ಬೀಜ. ಮಳೆ ಮುಗಿದು ಬಿಸಿಲು ಏರಿದರೆ ಕಾಯಿ ಪಟ್ ಅಂತ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಹೀಗೆಯೇ ಇದು ಹವಾಯಿ, ಫಿಜಿ, ಉತ್ತರ ಆಸ್ಟ್ರೇಲಿಯಾ ಎಲ್ಲ ಕಡೆ ತೋಟ ದಾಟಿ ಕಾಡಿಗೆ ಹೋಗಿದೆ. ಗೋವೆಯ ಪೂರ್ವಕ್ಕೆ ಮೊಲ್ಲೆಮ್ ಕಾಡು ಇದೆ, ಪಶ್ಚಿಮ ಘಟ್ಟ ಇದೆ. ಆ ಕಡೆ, ಹಳ್ಳದ ದಂಡೆಯ ಕಡೆ ಇದನ್ನು ನೆಡಲೇಬೇಡಿ. ಊರೊಳಗೆ ನೆಟ್ಟವರೂ ಕಾಯಿ ಹಳದಿಗೆ ತಿರುಗುವಾಗಲೇ ಗೊಂಚಲು ಕತ್ತರಿಸಿ. ಬೀಜ ಬೇಕಿದ್ದರೆ ಗೊಂಚಲನ್ನು ಹಳೆಯ ದಿಂಬಿನ ಕವರಿನಲ್ಲಿ ಕಟ್ಟಿ ಬಿಸಿಲಿಗೆ ತೂಗುಹಾಕಿ. ಒಳಗೇ ಸಿಡಿಯುತ್ತವೆ.

ಎಲ್ಲಿಂದ ಬಂತು

ಇಷ್ಟು ದೂರದ ಗಿಡ ನಮ್ಮ ಕಡೆ ಬಂದದ್ದು ರಬ್ಬರಿನ ಆಸೆಗೆ. 1876ರಲ್ಲಿ ರಾಬರ್ಟ್ ಕ್ರಾಸ್ ಎಂಬಾತ ಬ್ರೆಜಿಲ್ಲಿನ ಸಿಯರಾಕ್ಕೆ ಹೋಗಿ ಬೀಜ, ಸಸಿಯನ್ನು ಲಂಡನ್ನಿನ ಕ್ಯೂ ತೋಟಕ್ಕೆ ತಂದ. ಅಲ್ಲಿಂದ ಸಿಲೋನಿಗೆ, ಭಾರತಕ್ಕೆ ಬಂತು. ಇನ್ನೊಂದು ಜಾತಿಯ ರಬ್ಬರ್, ಈಗ ಕೇರಳದಲ್ಲಿ ಕಾಣುವುದು, ಜಾಸ್ತಿ ಹಾಲು ಕೊಟ್ಟಿತು. ಇದನ್ನು ಕೈಬಿಟ್ಟರು. ಅಲ್ಲಲ್ಲಿ ಬೇಲಿಯಲ್ಲಿ ಉಳಿಯಿತು. ಗ್ಲಾಜಿಯೋವಿ ಎಂಬ ಹೆಸರು ಬ್ರೆಜಿಲ್ ಚಕ್ರವರ್ತಿಯ ಉದ್ಯಾನಗಳನ್ನು ನೋಡಿಕೊಂಡ ಫ್ರೆಂಚ್ ತೋಟಗಾರ ಗ್ಲಾಜಿಯೂ ಅವರದು.

ಮಗಳು ಹೇಳಿದ ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. 1930ರ ದಶಕದಲ್ಲಿ ಆಫ್ರಿಕದ ಮರಗೆಣಸಿಗೆ ಎಲೆ ಮುರುಟುವ ಮೊಸಾಯಿಕ್ ರೋಗ ಬಡಿದಿತ್ತು. ಈಗಿನ ತಾಂಜಾನಿಯದ ಅಮಾನಿ ಎಂಬಲ್ಲಿ ಸ್ಟೋರಿ ಮತ್ತು ನಿಕೋಲ್ಸ್ ಎಂಬ ವಿಜ್ಞಾನಿಗಳು ಮರಗೆಣಸನ್ನು ಇದೇ ಕಾಡುಗಿಡದ ಜೊತೆ ಕೂಡಿಸಿದರು. ಆ ಸಂತತಿಯಿಂದ ಆಮೇಲೆ ನೈಜೀರಿಯದಲ್ಲಿ ರೋಗ ತಡೆಯುವ ತಳಿಗಳು ಬಂದವು. ಕೋಟಿಗಟ್ಟಲೆ ಜನರ ಊಟದ ಹಿಂದೆ ತಿನ್ನಲಾಗದ ಈ ಗಿಡ ನಿಂತಿದೆ.

ಕಸಿ ಮತ್ತು ಗಂಜಿ

ನನ್ನ ಕಸುಬಿಗೂ ಈ ಗಿಡಕ್ಕೂ ನಂಟು ಬೆಳೆದದ್ದು ಕಸಿಯಿಂದ. ಇಂಡೊನೇಷ್ಯಾದ ಪೂರ್ವ ಜಾವಾದಲ್ಲಿ ಮುಕಿಬಾತ್ ಎಂಬ ರೈತರಿದ್ದರು. 1950ರ ದಶಕದಲ್ಲಿ ಅವರು ಸಾಮಾನ್ಯ ಮರಗೆಣಸಿನ ಬುಡಕ್ಕೆ ಕಾಡು ಮರಗೆಣಸಿನ ಕುಡಿ ಕಟ್ಟಿದರು. ಮೇಲೆ ಕಾಡಿನ ದೊಡ್ಡ ಎಲೆ, ಕೆಳಗೆ ಊರಿನ ಗೆಡ್ಡೆ. ಎಲೆ ದುಡಿದಷ್ಟೂ ಗೆಡ್ಡೆ ತುಂಬಿತು. ಅಲ್ಲಿ ಈಗಲೂ ಆ ಪದ್ಧತಿಗೆ ಅವರ ಹೆಸರೇ ಇದೆ.

ನನಗೆ ಗಂಜಿ ಬೇಕಿತ್ತು. ಇಗರ್ಜಿಯ ಬಿಳಿ ಹಾಸು, ಬಾಣಸಿಗರ ಕೋಟು, ನಮ್ಮ ಕಡೆಯವರ ಧೋತರ, ಕಾಟನ್ ಸೀರೆ, ಇವಕ್ಕೆಲ್ಲ ಗಂಜಿ ಹಾಕದೆ ಇಸ್ತ್ರಿ ನಿಲ್ಲುವುದಿಲ್ಲ. ಅಕ್ಕಿ ಗಂಜಿ ಬಟ್ಟೆಯ ಮೇಲೆ ಪುಡಿ ಪುಡಿ ಕೂರುತ್ತದೆ. ಮರಗೆಣಸಿನ ಗಂಜಿ ಗಾಜಿನ ಹಾಗೆ ತಿಳಿಯಾಗಿರುತ್ತದೆ, ಬಣ್ಣದ ಸೀರೆ ಮಂಕಾಗುವುದಿಲ್ಲ. ಅದಕ್ಕೇ ಕಸಿಗೆ ಕೈ ಹಾಕಿದೆ.

ಮೇ ಕೊನೆಯ ವಾರ ಒಳ್ಳೆಯ ಹೊತ್ತು. ಮರಗೆಣಸಿನ ಬಲಿತ ಕಡ್ಡಿ ಒಂದು ಅಡಿ, ಕಾಡಿನ ಕಡ್ಡಿ ಒಂದೂವರೆ ಅಡಿ. ಎರಡೂ ಒಂದೇ ದಪ್ಪ ಇರಬೇಕು. ಇದು ಮುಖ್ಯ. ಮರಗೆಣಸಿನ ಕಡ್ಡಿ ರೋಗವಿಲ್ಲದ್ದಾಗಿರಲಿ. ಎಲೆಯ ಮೇಲೆ ಹಳದಿ ಮಚ್ಚೆ ಬಂದು ಎಲೆ ಸೊಟ್ಟಗಾಗಿದ್ದ ಗಿಡದಿಂದ ಕಡ್ಡಿ ತರಬೇಡಿ. ಅದೇ ಮೊಸಾಯಿಕ್, ಬಿಳಿನೊಣ ಹರಡುತ್ತದೆ, ಕಡ್ಡಿಯಲ್ಲೂ ಬರುತ್ತದೆ. ಬಿಳಿ ಹಿಟ್ಟಿನ ಹಾಗೆ ಅಂಟಿದ ಹುಳ ಇದ್ದರೂ ಬೇಡ. ಮರಗೆಣಸಿನ ಹಿಟ್ಟುತಿಗಣೆ 2020ರಲ್ಲಿ ಕೇರಳದಲ್ಲಿ ಕಂಡಿತು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೇಂದ್ರ ಸರ್ಕಾರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಒಳ್ಳೆಯ ತಳಿ ಬೇಕಾದವರು ಅಲ್ಲಿ ಕೇಳಬಹುದು.

ಮರಗೆಣಸಿನ ಕಡ್ಡಿಯ ತುದಿಯನ್ನೂ ಕಾಡಿನ ಕಡ್ಡಿಯ ಬುಡವನ್ನೂ ಒಂದೇ ಓರೆಗೆ ಕೊಯ್ಯಿರಿ. ಎರಡು ಬೆರಳು ಉದ್ದದ ಓರೆ. ಹೊಸ ಬ್ಲೇಡೇ ಬೇಕು. ಹಾಲು ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ನಿಲ್ಲುವ ತನಕ ಒತ್ತಿ. ಹಾಲು ನಡುವೆ ಉಳಿದರೆ ಕಸಿ ಕೂಡುವುದಿಲ್ಲ. ನಾನು ಮೊದಲ ಆರು ಕಸಿ ಕಳೆದುಕೊಂಡದ್ದು ಇದರಿಂದಲೇ. ತೊಗಟೆಗೆ ತೊಗಟೆ ಸರಿಯಾಗಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ. ಬಟ್ಟೆ ಪ್ಯಾಕ್ ಮಾಡುವ ಕವರನ್ನೇ ನಾನು ಪಟ್ಟಿ ಮಾಡಿಕೊಳ್ಳುತ್ತೇನೆ. ಮರಗೆಣಸಿನ ಭಾಗವನ್ನು ಕುಂಡದಲ್ಲಿ ನೆಟ್ಟು, ಮೂರು ವಾರ ನೆರಳಿನಲ್ಲಿ ಇಡಿ. ಕಾಡಿನ ಕುಡಿ ಚಿಗುರಿದರೆ ಕಸಿ ಕೂಡಿತು. ಕಸಿಯ ಕೆಳಗೆ ಚಿಗುರು ಬಂದರೆ ಚಿವುಟಿ, ಇಲ್ಲದಿದ್ದರೆ ಮೇಲಿನದು ಸೊರಗುತ್ತದೆ. ಆಮೇಲೆ ಜಾಗಕ್ಕೆ ನೆಡಿ. ಇದಕ್ಕೆ ಮಾತ್ರ ದೊಡ್ಡ ಗುಂಡಿ, ಜಾಸ್ತಿ ಗೊಬ್ಬರ, ಪಕ್ಕಕ್ಕೊಂದು ಊರೆಗೋಲು ಬೇಕು.

ಹನ್ನೊಂದು ತಿಂಗಳಿಗೆ ಕಿತ್ತೆ. ಸಾದಾ ಮರಗೆಣಸಿನ ಗಿಡ ನಾಲ್ಕು ಕಿಲೋ ಕೊಟ್ಟ ನೆಲದಲ್ಲಿ ಕಸಿಗಿಡ ಒಂಬತ್ತು ಕಿಲೋ ಕೊಟ್ಟಿತು. ಆ ಗೆಡ್ಡೆಯನ್ನು ನಾವು ತಿನ್ನುವುದಿಲ್ಲ. ಲಿನಮರಿನ್ ಹುಟ್ಟುವುದು ಹೆಚ್ಚಾಗಿ ಎಲೆಯಲ್ಲಿ, ಅಲ್ಲಿಂದ ಗೆಡ್ಡೆಗೆ ಇಳಿಯುತ್ತದೆ. ಮೇಲೆ ಕಾಡಿನ ಎಲೆ ಇದ್ದ ಮೇಲೆ ಕೆಳಗಿನ ಗೆಡ್ಡೆಯನ್ನು ನಾನು ನಂಬುವುದಿಲ್ಲ.

ಗಂಜಿ ಪುಡಿ ಮಾಡುವುದು ಹೀಗೆ. ಗೆಡ್ಡೆಯ ದಪ್ಪ ಸಿಪ್ಪೆ ತೆಗೆದು, ಗಾಳಿಯಾಡುವ ಕಡೆ ಕೂತು ತುರಿಯಿರಿ. ಈ ತುರಿಯುವ ಮಣೆ ಅಡುಗೆಗೆ ವಾಪಸ್ ಹೋಗಬಾರದು. ತುರಿಯನ್ನು ತೆಳು ಪಂಚೆಯಲ್ಲಿ ಕಟ್ಟಿ, ನೀರು ತುಂಬಿದ ಬಕೆಟಿನಲ್ಲಿ ಹಿಂಡಿ. ಹಾಲಿನಂಥ ನೀರು ಇಳಿಯುತ್ತದೆ. ಮೂರು ಗಂಟೆ ಬಿಟ್ಟರೆ ತಳದಲ್ಲಿ ಬಿಳಿ ಗಟ್ಟಿ ಕೂರುತ್ತದೆ. ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ ಕಲಕಿ. ಹೀಗೆ ಮೂರು ಸಲ. ಕೊನೆಗೆ ಉಳಿದದ್ದನ್ನು ಬಿಳಿ ಬಟ್ಟೆಯ ಮೇಲೆ ಸುಡುಬಿಸಿಲಿಗೆ ಒಣಗಿಸಿ. ಒಂಬತ್ತು ಕಿಲೋಗೆ ಒಂದೂವರೆ ಕಿಲೋ ಹತ್ತಿರ ಪುಡಿ ಸಿಕ್ಕಿತು. ಚೆಲ್ಲುವ ನೀರು, ಹಿಂಡಿದ ತುರಿ, ಸಿಪ್ಪೆ ಎಲ್ಲದರಲ್ಲೂ ವಿಷ ಇರುತ್ತದೆ. ನೀರನ್ನು ದನ ಕುಡಿಯದ ಕಡೆ, ಬಾವಿಯಿಂದ ದೂರ ಹಾಕಿ. ತುರಿ, ಸಿಪ್ಪೆ ಹೂಳಿ.

ಒಂದು ಲೀಟರ್ ನೀರಿಗೆ ಎರಡು ಚಮಚ ಪುಡಿ. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಆಮೇಲೆ ಒಲೆಗೆ ಇಡಿ. ಕೈಬಿಡದೆ ತಿರುವಿ. ಬಿಳಿ ಹೋಗಿ ತಿಳಿಯಾದ ಕೂಡಲೇ ಇಳಿಸಿ. ಧೋತರಕ್ಕೆ ಇಷ್ಟು ಸರಿ, ಇಳಕಲ್ ಸೀರೆಗೆ ಇನ್ನೊಂದು ಲೀಟರ್ ನೀರು ಬೆರೆಸಿ ತೆಳ್ಳಗೆ ಮಾಡಿ. ಮಳೆಗಾಲದಲ್ಲಿ ಗಂಜಿ ಹಾಕಿದ ಬಟ್ಟೆ ಮಡಿಚಿ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಗೋವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಉಟ್ಟುಕೊಳ್ಳುವ ಹಿಂದಿನ ದಿನ ಮಾತ್ರ ಗಂಜಿ ಹಾಕಿ.

ಗೆಡ್ಡೆ ಕಿತ್ತಾಗ ಕಸಿ ಗಂಟನ್ನು ಎಸೆಯಬೇಡಿ. ಗಂಟಿನ ಕೆಳಗೆ ಒಂದು ಗೇಣು ಮರಗೆಣಸಿನ ಕಾಂಡ, ಮೇಲೆ ಎರಡು ಗೇಣು ಕಾಡಿನ ಕಾಂಡ ಉಳಿಸಿ ಕತ್ತರಿಸಿ. ಅದನ್ನೇ ಮುಂದಿನ ವರ್ಷವೂ ನೆಡಬಹುದು, ಮತ್ತೆ ಕಸಿ ಕಟ್ಟುವ ಕೆಲಸ ಇಲ್ಲ. ಮಳೆ ಬರುವ ತನಕ ನಾನು ಅವನ್ನು ಗೋಣಿಚೀಲದಲ್ಲಿ ಸುತ್ತಿ, ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಅಡಿಗೆ ನಿಲ್ಲಿಸಿ ಇಡುತ್ತೇನೆ. ಬುಡ ಕೆಳಗೆ, ತುದಿ ಮೇಲೆ. ವಾರಕ್ಕೊಮ್ಮೆ ಗೋಣಿಗೆ ಒಂದಿಷ್ಟು ನೀರು ಚಿಮುಕಿಸಿದರೆ ಸಾಕು.